ಹಿಂದೆ ತಿರುಗಬಾರದ ಸುತ್ತು

ಕುಬಿಹಾಳ,
ತಾ. 27-2-1975

ನನ್ನ ಮುದ್ದು ಸುಶೀಲಾ,

ನಿನಗೆ ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಕೆಮ್ಮು ಹೇಗಿದೆ? ಹಾಸ್ಟೆಲ್ಲಿನಲ್ಲಿ ನಸುಕಿನಲ್ಲಿ ತಣ್ಣೀರು ಸುರುವಿಕೊಳ್ಳಬೇಡ ಎಂದು ಎಷ್ಟು ಸಲ ಬರೆದಿದ್ದೇನೆ. ಕೇಳುತ್ತೀಯೋ ಇಲ್ಲವೋ, ಆ ಬಸವಣ್ಣನೇ ಬಲ್ಲ. ಮೆಂತ್ಯೆ ಹಿಟ್ಟು ಮುಗಿದಿದ್ದರೆ ತಿಳಿಸು, ಧಾರವಾಡಕ್ಕೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ. ಇಲ್ಲಿ ನಾವೆಲ್ಲ ಆರಾಮ. ಆರಾಮ ಎಂದರೆ ನನ್ನ ಅಂಗಾಲು ಎರಡೂ ಒಡೆದಿವೆ, ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಎಮ್ಮೆಯೊಂದು ಮಾತ್ರ ಮುನಿಸಿಲ್ಲದೆ ಹಾಲು ಕೊಡುತ್ತಿದೆ.

ಮಾಘದ ಸುತ್ತು ಮುಗಿಸಿ ನಿನ್ನೆ ಮನೆಗೆ ಬಂದೆವು. ನಮ್ಮ ದೈವದವರ, ನಮ್ಮ ಕುಲದ ಹಿರಿಯರ, ಪದ್ಧತಿ ನಿನಗೆ ಗೊತ್ತೇ ಇದೆ. ಸಂಬಂಧ ಬೆಳೆಸಬೇಕೆನ್ನುವ ಎರಡು ಮನೆಯವರು ಈ ಸುತ್ತನ್ನು ಕೂಡಿಯೇ ನಡೆಯಬೇಕು. ಊರ ಮುಂದಿನ ವೀರಗಲ್ಲಿನ ಹತ್ತಿರ ಚಪ್ಪಲಿ ಬಿಟ್ಟು, ಅಣ್ಣಿಗೇರಿ ದಾಟಿ, ನವಲಗುಂದದ ಬಯಲು ಬಳಸಿ, ದಾರಿಯ ಹಳೆಯ ಗುಡಿಗಳಿಗೂ ಹಾಳೂರ ದಿಬ್ಬಗಳಿಗೂ ಕೈಮುಗಿಯುತ್ತ ಮತ್ತೆ ಅದೇ ಕಲ್ಲಿಗೆ ಬಂದು ಮುಟ್ಟಬೇಕು. ನಡುವೆ ಒಂದು ಹೆಜ್ಜೆಯೂ ಹಿಂದೆ ತಿರುಗಬಾರದು, ತಿರುಗಿದರೆ ಸುತ್ತು ಕೆಟ್ಟಿತು. ಕೆಡದೆ ಮುಗಿದರೆ ಹುಡುಗಿಯ ತಾಯಿ ಹುಡುಗನ ತಾಯಿಯ ಬಾಯಿಗೆ ಬೆಲ್ಲ ಹಾಕುತ್ತಾಳೆ, ಅಲ್ಲಿಗೆ ಮಾತು ಗಟ್ಟಿ. ಆ ಬೆಲ್ಲ ದಾರಿಯುದ್ದಕ್ಕೂ ನನ್ನ ಉಡಿಯಲ್ಲೇ ಇತ್ತು. ಅಣ್ಣಿಗೇರಿಯ ಈರಪ್ಪ ನಿನ್ನ ಮನಸ್ಸಿಗೆ ಬಂದಿದ್ದಾನೆ ಎಂಬುದೂ ನನಗೆ ತಿಳಿದಿತ್ತು. "ನೀವು ಹೇಳಿದ ಹಾಗೆ" ಎಂದು ಬರೆದು ಕಾಗದದ ಮೂಲೆಯಲ್ಲಿ ಹೂಬಳ್ಳಿ ಬಿಡಿಸುವ ಹುಡುಗಿಯ ಮನಸ್ಸು ಹೆತ್ತವಳಿಗೆ ತಿಳಿಯದೇ? ಕನ್ಯಾ ನೋಡಲು ಬಂದ ದಿನ ನನಗೂ ಅವನು ಹಿಡಿಸಿದ್ದ. ಸೊಸೈಟಿಯಲ್ಲಿ ಕಾರಕೂನಕಿ, ಇಸ್ತ್ರಿ ಅಂಗಿ, ತಗ್ಗಿದ ದನಿ. ಮತ್ತೇನು ಬೇಕು ಅಂದುಕೊಂಡೆ.

ಥೂ, ಆ ಮಂದಿಯ ಜೊತೆ ಹೇಗೆ ನಡೆದೆನೋ, ಕೇಳು. ಈರಪ್ಪನ ಅಪ್ಪ ಕುಬೇರಪ್ಪನವರು ಊರಿಗೆ ದೊಡ್ಡವರಂತೆ. ಆ ದೊಡ್ಡವರು ಎಲೆಯಡಿಕೆ ಹಾಕಿಕೊಂಡು ಬೆರಳಿಗಂಟಿದ ಸುಣ್ಣವನ್ನು ವೀರಗಲ್ಲಿನ ಮೋರೆಗೆ ಒರೆಸಿದರು. ಊರಿಗಾಗಿ ಸತ್ತವನ ಮೋರೆ, ಸುಶೀಲಾ! ನವಲಗುಂದದ ಕಡೆ ಕುಡಿಯುವ ನೀರಿನ ಕೆರೆ ಅಂದರೆ ಮಂದಿ ಕೈಕಾಲು ತೊಳೆದುಕೊಂಡೇ ಮೆಟ್ಟಿಲು ಇಳಿಯುತ್ತಾರೆ. ಈ ಮನುಷ್ಯ ಎರೆಮಣ್ಣು ಮೆತ್ತಿದ ಕಾಲನ್ನು ಸೀದಾ ಅದರೊಳಗೇ ಅದ್ದಿ, ಬಾಯಿ ಮುಕ್ಕಳಿಸಿ ಅಲ್ಲೇ ಉಗುಳಿದರು. ಕೊಡ ಹಿಡಿದು ಬಂದ ಹೆಣ್ಣುಮಗಳೊಬ್ಬಳು "ಯಜಮಾನ್ರ, ಇದನ್ನ ನಾವು ಕುಡಿತೀವ್ರಿ" ಅಂದಳು. ನಾಚಿಕೆಯಿಂದ ನಾನೇ ಸೆರಗು ಮುಂದೆ ಎಳೆದುಕೊಂಡೆ. ಹಳೆಯ ಗುಡಿಯಲ್ಲಿ ಇಳಿದುಕೊಂಡಾಗ ಬಾವಲಿಗಳ ನಾತವನ್ನಾದರೂ ತಡೆದುಕೊಳ್ಳಬಹುದಿತ್ತು, ಅವರ ತೇಗು ತಡೆಯಲಾಗಲಿಲ್ಲ.

ಇನ್ನು ನಿನ್ನ ಈರಪ್ಪ. ಮೊದಲನೆಯ ದಿನವೇ ಕಾಲು ಉಳುಕಿತು ಎಂದು ಚಕ್ಕಡಿ ಏರಿದ. ಚಕ್ಕಡಿ ಹಿಂದೆ ಬರುವುದು ಮುದುಕರಿಗಾಗಿ, ಬೇನೆಯವರಿಗಾಗಿ. ಇವನು ಅದರಲ್ಲಿ ಕಾಲು ಚಾಚಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಎದೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಸಿನಿಮಾ ಹಾಡು ಕೇಳಿದ. ಉಳುಕಿದ ಕಾಲು ಹಾಡಿಗೆ ತಾಳ ಹಾಕುತ್ತಿತ್ತು! ಅವನ ಅವ್ವ ಮಲ್ಲಕ್ಕ ಮಾತ್ರ ತಲೆಯ ಮೇಲೆ ಎಲ್ಲರ ಬುತ್ತಿಗಂಟು, ಕೈಯಲ್ಲಿ ಗಂಡನ ನೀರಿನ ತಂಬಿಗೆ ಹಿಡಿದು ನಡೆದಳು. ರೊಟ್ಟಿ ಬಿಚ್ಚಿದಾಗಲೂ ಅಷ್ಟೇ, ಗಂಡ, ಮಗ ತಿಂದು ಉಳಿದ ಚೂರೇ ಆಕೆಯ ಪಾಲು. ನಾನು ಏನು ಕೇಳಿದರೂ "ಹೂಂ ರೀ" ಅನ್ನುತ್ತಿದ್ದಳು.

ಆಕೆಯ ಹಿಮ್ಮಡಿಗೆ ಜಾಲಿಮುಳ್ಳು ನಟ್ಟಿತ್ತು. ಮರುದಿನಕ್ಕೆ ಕೀವಾಗಿ ಪಾದ ಊದಿತು. ಒಂದು ಗಿಡದ ನೆರಳೂ ಇಲ್ಲದ ಆ ಬಯಲಲ್ಲಿ, ಜೋಳದ ಕೂಳೆ ತುಳಿಯುತ್ತ ಹೋಗುವಾಗ, ಆಕೆ ಹಿಂದೆ ಬಿದ್ದಳು. ಕುತ್ತಿಗೆ ಹೊರಳಿಸಿ ನೋಡುತ್ತೇನೆ, ದೂರದಲ್ಲಿ ಗಂಟು ಇಳಿಸಿ ಕೂತುಬಿಟ್ಟಿದ್ದಾಳೆ. "ನಿಮ್ಮವ್ವ ಕೂತಾಳೋ ತಮ್ಮಾ, ಚಕ್ಕಡಿ ತಿರುಗಿಸು" ಅಂದೆ. "ಅವ್ವಗ ಇದೆಲ್ಲಾ ರೂಢಿ ಐತ್ರಿ, ಬರ್ತಾಳ ತಗೋರಿ" ಅಂದ ಮಹಾರಾಯ, ಹಾಡಿನ ಸಪ್ಪಳ ಕೂಡ ಸಣ್ಣ ಮಾಡಲಿಲ್ಲ. ಕುಬೇರಪ್ಪನವರು "ಹಿಂದ ತಿರುಗಬ್ಯಾಡ್ರಿ ಅಕ್ಕಾರ, ಸುತ್ತು ಕೆಡತೈತಿ" ಎಂದು ನನಗೇ ಬುದ್ಧಿ ಹೇಳಿದರು. ನಿಮ್ಮಪ್ಪ ನೆಲ ನೋಡುತ್ತ ನಡೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟರೆ ಕೆಡಲಿ ಅಂದವಳೇ ತಿರುಗಿದೆ. ಆಕೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿಪಿನ್ನಿನಿಂದ ಮುಳ್ಳು ಕಿತ್ತು, ನನ್ನ ಸೆರಗು ಹರಿದು ಕಟ್ಟಿ, ಹೆಗಲು ಕೊಟ್ಟು ಕರೆತಂದೆ. ಅಷ್ಟು ಹೊತ್ತಿಗೆ ಅವರೆಲ್ಲ ಮುಂದಿನ ಊರಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದಿದ್ದರು.

ನಿನ್ನೆ ನಮ್ಮ ಕಲ್ಲಿಗೆ ಬಂದು ಮುಟ್ಟಿದಾಗ ಗಂಡಸರೆಲ್ಲ ಕೂಡಿ ಕೆಟ್ಟ ಸುತ್ತನ್ನು ಸರಿಮಾಡುವ ದಾರಿ ಹುಡುಕಿದರು. "ತಪ್ಪಿಗೆ ಒಂದು ಕಾಯಿ ಒಡದ್ರ ಮುಗೀತು, ಬೆಲ್ಲ ತಗೀ" ಅಂದರು ನಿಮ್ಮಪ್ಪ. "ನಾನು ಹಿಂದ ತಿರುಗೀನಿ, ಸುತ್ತು ಕೆಟ್ಟೈತಿ, ಮಾತು ಇಲ್ಲ" ಎಂದು ದೈವದವರೆಲ್ಲರ ಮುಂದೆ ಹೇಳಿ, ಆ ಬೆಲ್ಲವನ್ನು ಚಕ್ಕಡಿಯ ಎತ್ತುಗಳಿಗೆ ತಿನ್ನಿಸಿದೆ. ಕುಬೇರಪ್ಪನವರು ರುಮಾಲು ಜಾಡಿಸಿ ಎದ್ದುಹೋದರು. ಊರಲ್ಲೆಲ್ಲ ಈಗ ನನ್ನದೇ ಸುದ್ದಿ, ಹಟಮಾರಿ ಹೆಂಗಸು, ಮಗಳ ಬಾಳು ಕೆಡಿಸಿದಳು ಎಂದು. ನೀನೂ ಅಳುತ್ತೀ ಎಂಬುದು ನನಗೆ ಗೊತ್ತು, ಅದನ್ನು ನೆನೆಸಿಕೊಂಡು ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅಳು ನನ್ನವ್ವಾ, ನನ್ನನ್ನು ಬೈಯಬೇಕೆನಿಸಿದರೆ ಬೈಯಿ. ಆದರೆ ಊಟ ಬಿಡಬೇಡ, ಪರೀಕ್ಷೆ ಬಿಡಬೇಡ.

ಕೋಣೆಯ ಗೆಳತಿ ಜಮೀಲಾಬಿಗೆ ನನ್ನ ಅಕ್ಕರೆ ತಿಳಿಸು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಕೆಟ್ಟ ಅವ್ವ,
ರೇವವ್ವ

ತಾ. ಕ.: ಟಪಾಲಿನವನು ಕಟ್ಟೆಯ ಮೇಲೆ ಕೂತು ಅವಸರ ಮಾಡುತ್ತಿದ್ದಾನೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ನೀನೂ ಇದು ನನ್ನ ಹಟ ಅಂದುಕೊಂಡರೆ ನನಗೆ ತಾಳಲಾಗುವುದಿಲ್ಲ. ನಿಮ್ಮಪ್ಪನಿಗೂ ಹೇಳಿಲ್ಲ, ನೀನೂ ಬಾಯಿ ಬಿಡಬೇಡ, ಮಲ್ಲಕ್ಕ ಅದೇ ಮನೆಯಲ್ಲಿ ಬಾಳಬೇಕು. ಮುಳ್ಳು ಕಿತ್ತಾಗ ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದು "ಅಕ್ಕಾರ, ನಿಮ್ಮ ಹುಡುಗಿನ್ನ ನಮ್ಮ ಮನಿಗೆ ಕೊಡಬ್ಯಾಡ್ರಿ" ಅಂದಳು. ಹೆತ್ತ ಮಗನಿಗೆ ಬರುವ ಹೆಣ್ಣನ್ನು ಹೀಗೆ ತಪ್ಪಿಸುತ್ತೀರಲ್ಲ ಎಂದು ಕೇಳಿದೆ. "ನಾ ಈ ಮನಿಗೆ ಬಂದಾಗಿಂದ ನನ್ನ ಸಲುವಾಗಿ ಹಿಂದ ತಿರುಗಿ ಬಂದವ್ರು ನೀವೊಬ್ಬರ ರೀ" ಅಂದಳು, "ನಿಮಗ ನಾ ಹ್ಯಾಂಗ ಮೋಸ ಮಾಡ್ಲಿ?"