ಲಿಫ್ಟಿನ ಹಳದಿ ಸ್ವಿಚ್ಚು

ರೀ,

ನಾನು ಬೆಳಗಿನ ಪಾಳಿಗೆ ಹೊರಟೆ. ಟ್ರ್ಯಾಕ್ಟರಿಗೆ ಆ ದೊಡ್ಡ ನೇಗಿಲು ಎತ್ತಿಕೊಂಡು ಹೊರಡೋ ಮುಂಚೆ ಇದನ್ನ ಪೂರ್ತಿ ಓದಿ. ಅತ್ತೆ ಎದುರಿಗೆ ಬೇಡ ಅಂತ ಬರೆದಿಟ್ಟು ಹೋಗ್ತಿದ್ದೀನಿ.

ನೇಗಿಲು ಎತ್ತೋ ಲಿಫ್ಟಿನ ಹಳದಿ ಸ್ವಿಚ್ಚು ಹಾಕಿಯೇ ರಸ್ತೆಗಿಳಿಯಿರಿ. "ಲಿಫ್ಟು ತಾನಾಗೇ ಅಲ್ಲಾಡುತ್ತೆ, ಕೆಟ್ಟಿದೆ" ಅಂತ ಆರಿಸಿಟ್ಟಿದ್ದೀರಲ್ಲ, ಅದು ಕೆಟ್ಟಿಲ್ಲ, ಅದರ ಕೆಲಸವೇ ಅದು. ಚಕ್ರ ಗುಂಡಿಗೆ ಬಿದ್ದಾಗ ಲಿಫ್ಟಿನ ತೋಳು ಒಂಚೂರು ಇಳಿದು ಏರಿ, ನೇಗಿಲಿನ ಕುಲುಕಾಟವನ್ನ ತಾನೇ ನುಂಗಿಕೊಳ್ಳುತ್ತೆ. ಇಲ್ಲದಿದ್ದರೆ ಹಿಂದಿನ ಭಾರ ಕುಣಿದು ಮುಂದಿನ ಚಕ್ರ ಎತ್ತಿಬಿಡುತ್ತೆ. ಆಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ತಿರುಗಲ್ಲ. ಮೆಕ್ಯಾನಿಕ್ ಇಷ್ಟೂ ಹೇಳಿದ್ದ. ನೀವು ಕೋಲೆ ಬಸವನ ಹಾಗೆ ತಲೆಯಾಡಿಸಿದ್ರಿ, ಅಷ್ಟೇ.

ನೋವಿಗೆ ಕಟ್ಟೋ ಸೊಂಟದ ಪಟ್ಟಿ ಒಗೆದು ಒಣಗಿಸಿದ್ದೀನಿ, ಕಿಟಕಿ ಹತ್ತಿರ ಇದೆ, ಕಟ್ಟಿಕೊಳ್ಳಿ.

ನಿನ್ನೆ ಸೇತುವೆ ಮೇಲೆ ನಿಮ್ಮೆದುರಿಗೆ ಬಂದ ಬಸ್ಸಿನಲ್ಲಿ ನಾನಿದ್ದೆ. ನಿಮ್ಮ ಮುಂದಿನ ಚಕ್ರ ಎರಡೂ ಗಾಳಿಯಲ್ಲಿದ್ದವು. ಪಕ್ಕದಲ್ಲಿ ಕೂತಿದ್ದವಳು, "ಯಾರ ಮನೆ ದೀಪ ಆರಿಸೋಕೆ ಹೊರಟಿದಾನೋ ಇವನು" ಅಂದಳು.

ಅದು ನಮ್ಮನೇದೇ, ರೀ.