ಹಿತ್ತಲ ಬಾವಿಗೆ ಮುಯ್ಯಾಳು

ದೊಮ್ಮಲೂರು
18-5-1998, ಸೋಮವಾರ

ನನ್ನ ಹಂಸೂ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಜಟ್ಟೆಮ್ಮನ ತಾಯಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಾಳೆ, ನಾನೂ ಶಮೀಮೂ ಪೈಪೋಟಿಯ ಮೇಲೆ ತಿನ್ನುತ್ತೇವೆ ಎಂದು ನೀನೇ ಬರೆದಿದ್ದೀಯ. ಇಲ್ಲಿ ಒಂದು ತಟ್ಟೆ ತೊಳೆ ಎಂದರೆ ಮುಖ ಸಿಂಡರಿಸುತ್ತಿದ್ದವಳು ಅಲ್ಲಿ ಬಾವಿಯ ಹೂಳು ಹೊರುತ್ತಿದ್ದೀಯಂತೆ. ಕಾಲೇಜಿನ ಬೇಸಿಗೆ ಶಿಬಿರಕ್ಕಿರುವ ಶಕ್ತಿ ಅಮ್ಮನ ಮಾತಿಗಿಲ್ಲ, ಇರಲಿ. ನಮ್ಮ ಹಿತ್ತಲ ರೂಮಿನ ಜಟ್ಟೆಮ್ಮನ ಊರಿಗೇ ಹೋಗೋಣ ಎಂದು ನಿಮ್ಮ ಮೇಷ್ಟ್ರಿಗೆ ಗಂಟುಬಿದ್ದವಳೂ ನೀನೇ. ‘ಮಣ್ಣು ಹೊರೋಕೆ ಕಾಲೇಜು ಯಾಕೆ?’ ಎಂದು ನಿಮ್ಮಪ್ಪ ಮೊನ್ನೆಯವರೆಗೂ ಗೊಣಗುತ್ತಲೇ ಇದ್ದರು.

ನಿನ್ನ ಕಾಗದದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ನೀವೆಲ್ಲ ಸೇವೆ ಮಾಡಲು ಬಂದಿದ್ದೇವೆ ಎಂದಾಗ ಜಟ್ಟೆಮ್ಮನ ತಾಯಿ, ‘ಸೇವಾ ದೇವರಿಗಿ ಮಾಡ್ರಿ ಯವ್ವಾ, ನಮಗ ಮುಯ್ಯಾಳು ಬರ್ರಿ’ ಅಂದಳಂತಲ್ಲ. ಇವತ್ತು ನೀನು ನನ್ನ ಹೊಲಕ್ಕೆ ದುಡಿಯಲು ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ, ಕೂಲಿಯಿಲ್ಲ, ಹಂಗಿಲ್ಲ, ಊರು ಎಂದರೆ ಇದೇ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು ಎಂದು ಬರೆದಿದ್ದೀಯ. ಅಯ್ಯೋ ಹುಚ್ಚಿ, ನಿನ್ನ ಅಜ್ಜಿಯನ್ನು ಕೇಳಿದ್ದರೆ ಇಲ್ಲೇ ಹೇಳುತ್ತಿದ್ದರು. ಈ ದೊಮ್ಮಲೂರಿನಲ್ಲಿ ರಾಗಿ ಕುಯ್ಯುತ್ತಿದ್ದುದೂ ಹಾಗೆಯೇ. ಈಗ ಆ ಹೊಲದ ಮೇಲೆ ಆಫೀಸುಗಳು ಎದ್ದಿವೆ, ಅಜ್ಜಿ ಜಗಲಿಯ ಮೇಲೆ ಕೂತು ಬಸ್ಸು ನೋಡುತ್ತಾರೆ.

ಈಗ ಒಂದು ವಿಷಯ ಹೇಳುತ್ತೇನೆ. ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡಿಕೋ.

ನೀನು ಹೋದ ವಾರವೇ ನಮ್ಮ ಬೋರ್‌ವೆಲ್ ಬತ್ತಿತು. ನಲ್ಲಿಯ ನೀರು ನಮಗೇ ಸಾಲದು, ಹಿತ್ತಲಿನ ಬಾಡಿಗೆ ರೂಮುಗಳಿಗೆ ಎಲ್ಲಿಂದ ತರುವುದು? ತಿಂಗಳ ಕೊನೆಯೊಳಗೆ ಎಲ್ಲ ರೂಮು ಖಾಲಿ ಮಾಡಿಸು ಎಂದರು ನಿಮ್ಮಪ್ಪ. ನಾನೇ ಹೋಗಿ ಜಟ್ಟೆಮ್ಮನಿಗೆ ಹೇಳಿದೆ. ನೀನು ಅಲ್ಲಿ ಅವಳ ತಾಯಿಯ ಮನೆಯಲ್ಲಿ ಉಣ್ಣುತ್ತಿದ್ದೀಯ, ನಾನು ಇಲ್ಲಿ ಅವಳಿಗೆ ಮನೆ ಬಿಡು ಎನ್ನುತ್ತಿದ್ದೇನೆ. ನಿನಗೆ ಯಾವ ಮುಖ ಇಟ್ಟುಕೊಂಡು ಬರೆಯಲಿ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರದಿದ್ದುದು ಅದಕ್ಕೇ. ಅವಳು ಊರಿಗೆ ಫೋನು ಮಾಡಲು ಎಸ್‌ಟಿಡಿ ಬೂತಿಗೆ ಹೋದಾಗಲೆಲ್ಲ ನಾನು ಬಾಗಿಲಲ್ಲೇ ನಿಂತು ಅವಳು ಬರುವ ದಾರಿ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ, ಊರಲ್ಲಿ ಹೇಳಿದೆಯಾ ಎಂದು ಕೇಳಿಯೇಬಿಟ್ಟೆ. ‘ಇಲ್ರಿ ಅಮ್ಮಾರ. ಹೇಳಿದ್ರ ಹಂಸಕ್ಕಗ ನಮ್ಮನ್ಯಾಗ ಉಣ್ಣಾಕ ನಾಚಿಕಿ ಆಗ್ತದ’ ಅಂದಳು.

ನಿನ್ನೆ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಜಟ್ಟೆಮ್ಮ, ಅವಳ ಗಂಡ ಹುಸೇನಪ್ಪ, ತಮ್ಮ ಭೀಮಾಶಂಕರ, ಉಳಿದ ರೂಮುಗಳವರು, ಎಲ್ಲರೂ ತಲೆಗೆ ಟವೆಲು ಸುತ್ತಿಕೊಂಡು, ಕಟ್ಟಡ ಕೆಲಸದ ಬಾಂಡ್ಲಿ, ಹಗ್ಗ ಹಿಡಿದು ಸಾಲಾಗಿ ನಿಂತಿದ್ದಾರೆ. ಜಗಳಕ್ಕೇ ಬಂದರು ಎಂದು ನಾನು ಅರ್ಧ ಬಾಗಿಲು ಹಾಕಿಕೊಂಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹುಸೇನಪ್ಪ ಕೈಮುಗಿದು, ‘ಹಂಸಕ್ಕ ನಮ್ಮೂರ ಬಾವಿ ಮಣ್ಣ ಹೊತ್ತಾರ್ರಿ. ನಾವು ಮನಿ ಬಿಟ್ಟು ಹೋದ ಮ್ಯಾಲ ಮುಯ್ಯಾ ಹ್ಯಾಂಗ ತೀರಸಬೇಕ್ರಿ? ಹೋಗಾಕಿಂತ ಮೊದಲ ಏನ್ ಕೆಲಸ ಅದ ಹೇಳ್ರಿ’ ಅಂದ. ನಿಮ್ಮಪ್ಪ ನನ್ನ ಹಿಂದಿನಿಂದಲೇ, ‘ಏನೂ ಇಲ್ಲ, ಹೋಗ್ರಪ್ಪ’ ಅಂದರು. ಆಗ ಜಗಲಿಯಿಂದ ಅಜ್ಜಿ ಗದರಿದರು ನೋಡು: ‘ಮುಯ್ಯಾಳು ಬಂದೋರ್ನ ವಾಪಸ್ ಕಳಿಸ್ತೀಯೇನೋ? ನಾಳೆ ನನ್ ಹೆಣ ಎತ್ತಕ್ಕೆ ಯಾರ್ ಬತ್ತಾರೆ? ಹಿತ್ಲು ಬಾವಿ ತೋರ್ಸೋ!’

ಹಿತ್ತಲ ಬಾವಿ ನಿನಗೆ ಗೊತ್ತಲ್ಲ. ನಲ್ಲಿ ಬಂದ ಮೇಲೆ ಚಪ್ಪಡಿ ಮುಚ್ಚಿ, ಸಂದಿಯಲ್ಲಿ ನಾವೇ ಕಸ ಸುರಿದದ್ದು. ಬಾಂಡ್ಲಿ ಬಾಂಡ್ಲಿಯಾಗಿ ನಮ್ಮ ಮನೆಯ ಕೊಳಕೆಲ್ಲ ಎಲ್ಲರೆದುರು ಮೇಲೆ ಬರುತ್ತಿದ್ದರೆ ನಾನು ತಲೆತಗ್ಗಿಸಿಕೊಂಡು ನಿಂತಿದ್ದೆ. ನಿನ್ನಣ್ಣ ಪ್ರೇಮ್‌ಕುಮಾರನ ಚೆಂಡುಗಳು, ಒಡೆದ ಮಡಕೆ, ಒಂಟಿ ಚಪ್ಪಲಿಗಳು, ಆಮೇಲೆ ಒಂದು ಹಿತ್ತಾಳೆ ಬಿಂದಿಗೆ. ನಾನು ತವರಿಗೆ ಸಾಗಿಸಿದೆನೆಂದು ಅಜ್ಜಿ ನನ್ನ ಮದುವೆಯಾದಾಗಿನಿಂದ ದೂರುತ್ತಿದ್ದರಲ್ಲ, ಅದೇ! ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಸೊಟ್ಟ ಆಗೈತೆ’ ಎಂದರೇ ಹೊರತು ಬೇರೇನೂ ಅನ್ನಲಿಲ್ಲ. ನನಗಷ್ಟೇ ಸಾಕು.

ನಿಮ್ಮಪ್ಪ ಬಹಳ ಹೊತ್ತು ಕೈಕಟ್ಟಿಕೊಂಡು ನೋಡುತ್ತಿದ್ದರು. ಕೆಳಗಿಳಿದ ಭೀಮಾಶಂಕರನಿಗೆ ಕಾಲಿಡುವ ಗೂಡು ಸಿಗಲಿಲ್ಲ. ‘ಅಲ್ಲಲ್ಲ, ಎಡಗಡೆ, ಇನ್ನೂ ಕೆಳಗೆ’ ಎಂದು ಮೇಲಿನಿಂದ ಕೂಗಿ ಕೂಗಿ ಸಾಕಾಗಿ, ಪಂಚೆ ಎತ್ತಿ ಕಟ್ಟಿ ತಾವೇ ಇಳಿದುಬಿಟ್ಟರು. ಅವರು ಈಜು ಕಲಿತ ಬಾವಿ ಅದು. ಮೇಲೆ ಬಂದಾಗ ಕಿವಿಯವರೆಗೂ ಕೆಸರು, ಮುಖದಲ್ಲಿ ಮಾತ್ರ ಎಂಥದೋ ಗೆಲುವು. ಮುಯ್ಯಾಳಿಗೆ ಕೂಲಿ ಕೊಡಬಾರದು, ಊಟ ಹಾಕದೇ ಕಳಿಸಬಾರದು. ಮುದ್ದೆ, ಹುರುಳಿಕಾಳು ಸಾರು ಮಾಡಿದೆ. ರೊಟ್ಟಿ ತಿನ್ನುವ ಜನ, ಪಾಪ, ಮುದ್ದೆಯನ್ನು ಅಗಿಯುತ್ತಾ ಕೂತರು. ನಿಮ್ಮಪ್ಪ ಅವರ ಪಂಕ್ತಿಯಲ್ಲೇ ಕೂತು ನುಂಗುವುದನ್ನು ತೋರಿಸಿಕೊಟ್ಟರು.

ಮಧ್ಯಾಹ್ನದ ಮೇಲೆ ನೀರು ಒಸರಿತು ಹಂಸೂ. ಇವತ್ತು ಬೆಳಿಗ್ಗೆ ನೋಡಿದರೆ ಸೊಂಟದುದ್ದ ನಿಂತಿದೆ. ಕುಡಿಯಲು ಬೇಡ, ಸ್ನಾನಕ್ಕೆ, ಬಟ್ಟೆಗೆ ಎಲ್ಲ ರೂಮಿಗೂ ಸಾಕು. ನಿಮ್ಮಪ್ಪ ಹುಸೇನಪ್ಪನನ್ನು ಕರೆದು, ‘ಗಂಟುಮೂಟೆ ಬಿಚ್ಚಪ್ಪ. ನೀವೆಲ್ಲ ಹೋದ್ರೆ ಈ ಬಾವಿ ನೋಡ್ಕೊಳ್ಳೋರು ಯಾರು?’ ಅಂದರು. ತಪ್ಪಾಯಿತು ಎನ್ನುವುದು ಅವರ ಬಾಯಲ್ಲಿ ಬರುವುದೇ ಹಾಗೆ. ಜಟ್ಟೆಮ್ಮ ಚೀಲದಿಂದ ಪಾತ್ರೆಗಳನ್ನು ತೆಗೆದು ಮತ್ತೆ ಜೋಡಿಸುವ ಸದ್ದು ಕೇಳಿ ಮನಸ್ಸು ಎಷ್ಟು ಹಗುರಾಯಿತೆಂದರೆ, ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಇನ್ನು ನೀನು ನಿಶ್ಚಿಂತೆಯಿಂದ ಅವರ ಮನೆಯಲ್ಲಿ ಉಣ್ಣು.

ಶಮೀಮಳ ತಾಯಿ ಶಿವಾಜಿನಗರದಿಂದ ಬಂದು ಮಗಳಿಗೆಂದು ಖರ್ಜೂರ ಕೊಟ್ಟು ಹೋದರು. ನಿಮ್ಮಪ್ಪ ಹಳೆಯ ಗುದ್ದಲಿಗೆ ಹೊಸ ಕಾವು ಹಾಕಿಸಲು ಹಲಸೂರಿಗೆ ಹೋಗಿದ್ದಾರೆ. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ.

ಬಿಂದಿಗೆಯ ಅಪವಾದ ಕಳೆದುಕೊಂಡ,
ನಿನ್ನ ಅಮ್ಮ

ತಾ.ಕ.: ಈ ಕಾಗದದ ಮೇಲೆ ಅಂಚೆಚೀಟಿ ಇಲ್ಲ, ನೋಡಿದೆಯಾ? ಅಲ್ಲಿ ನಮ್ಮವಳು ಒಬ್ಬಳು, ಇಲ್ಲಿ ಬಂದವರು ಅಷ್ಟು ಜನ, ಮುಯ್ಯಿ ಈಗ ನಮ್ಮ ತಲೆಯ ಮೇಲೇ ಕೂತಿದೆ ಎಂದು ಅಜ್ಜಿ ತೀರ್ಪು ಕೊಟ್ಟರು. ನೀನು ಹೊರಡುವಾಗ ಮಾತಾಡದೆ ಮುಖ ತಿರುಗಿಸಿಕೊಂಡಿದ್ದರಲ್ಲ ನಿಮ್ಮಪ್ಪ, ಅವರೇ ಭೀಮಾಶಂಕರನ ಜೊತೆ ಬಸ್ಸು ಹತ್ತುತ್ತಿದ್ದಾರೆ. ಕಾಗದ ನಿನ್ನ ಕೈಗೆ ಕೊಟ್ಟು, ಏನು ಮಾತಾಡುವುದೆಂದು ತಿಳಿಯದೆ ಗುದ್ದಲಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ. ನಗಬೇಡ. ಎಲ್ಲಿ ಅಗೆಯಬೇಕೆಂದು ತೋರಿಸು.