ಮೂಸ್‌ನ ಹೆಸರೆತ್ತಿದವಳು

ಆಗಸ್ಟ್ 29

ಶಾಲೆಯಲ್ಲಿ ಮಕ್ಕಳಿಗೆ ಮೆಕರೋನಿ. ಅರ್ಧ ಪಾತ್ರೆ ಸೀಯಿಸಿಬಿಟ್ಟೆ. ಸಂಜೆಯ ಮೀಟಿಂಗ್ ನೆನೆದು ಬೆಳಗ್ಗೆಯಿಂದಲೇ ತಲೆ ನೆಟ್ಟಗಿರಲಿಲ್ಲ.

ಊರ ಹಾಲ್‌ನಲ್ಲಿ ತಮ್ಮ ಸಿಮಿಯನ್‌ನ ವರ್ಷದ ಊಟದ ಮಾತುಕತೆ. ಸೆಪ್ಟೆಂಬರ್ ಕೊನೆಗೆ ಅವನು ತೀರಿಕೊಂಡು ವರ್ಷ. ಅವನ ಶವಪೆಟ್ಟಿಗೆ ಮಾಡಿದವರು, ಗುಂಡಿ ತೋಡಿದವರು, ಯೂಕಾನ್ ನದಿಯ ಮೇಲಿನ ಊರಿನವರು, ಕೆಳಗಿನ ಊರಿನವರು... ಎಲ್ಲರೂ ಬರುತ್ತಾರೆ. ಅವರ ಮುಂದೆ ನಮ್ಮ ಮನೆಯವರೇ ಬೇಟೆಯಾಡಿ ತಂದ ದೈತ್ಯ ಜಿಂಕೆಯ ಮಾಂಸ ಇಡಬೇಕು. ಇಷ್ಟು ವರ್ಷ ತರುತ್ತಿದ್ದವನು ಸಿಮಿಯನ್. ಈಗ ಮನೆಯಲ್ಲಿ ಉಳಿದವಳು ನಾನು. ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚು.

"ಕ್ಲೆಮೆಂಟ್ ಮನೆಯವ್ರನ್ನ ಕೇಳಿದ್ರಾಯ್ತು ಬಿಡಿ, ಪಾಪ" ಅಂದರು ಯಾರೋ. ಆ "ಪಾಪ" ಕೇಳಿ ಮೈ ಉರಿದುಹೋಯಿತು. ಎದ್ದು ನಿಂತೆ.

"ಯಾರ ಮನೆ ಬಾಗ್ಲಿಗೂ ಹೋಗ್ಬೇಕಾಗಿಲ್ಲ. ನಾನೇ ಒಂದು ಮೂಸ್ ಹೊಡ್ಕೊಂಡು ಬರ್ತೀನಿ. ದೊಡ್ಡ ಕೊಂಬಿಂದೇ, ನೋಡ್ತಿರಿ!"

ಅಪ್ಪನ ತಂಗಿ ಅಡೆಲಿನತ್ತೆಯ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು. "ಬಾಯಿ ಮುಚ್ಚೇ, ಪೌಲೈನ್" ಅಂದರು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವಳಿಗೆ, ಊರ ಮುಂದೆ! ಆದರೆ ತಪ್ಪು ನನ್ನದೇ.

ಆಗಸ್ಟ್ 30

ಅತ್ತೆ ಬೆಳಗ್ಗೆಯೇ ಬಂದರು. ಕೂರಲೂ ಇಲ್ಲ.

"ಹೆಸರೆತ್ತಿ ಜಂಬ ಕೊಚ್ಚಿದ್ರೆ ಅದಕ್ಕೆ ಕೇಳಿಸುತ್ತೆ ಕಣೇ. ಆಮೇಲೆ ಈ ಮನೆಯವ್ರಿಗೆ ಮುಖಾನೇ ತೋರ್ಸಲ್ಲ. ನಿಮ್ಮಪ್ಪ ಇಷ್ಟೂ ಹೇಳ್ಕೊಟ್ಟಿಲ್ವಾ?"

"ಹೇಳ್ಕೊಟ್ಟಿದ್ರು, ಅತ್ತೆ. ಸಿಟ್ಟಲ್ಲಿ ಬಂದ್ಬಿಡ್ತು."

"ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಸುಮ್ನೆ ಒಂದು ಸುತ್ತು ಹೋಗ್ಬರ್ತೀನಿ ಅನ್ನು. ಅಷ್ಟೇ."

ಹೋದ ಮೇಲೆ ಹೊಳೆಯಿತು — ನಿನ್ನೆಯ ಪುಟದಲ್ಲಿ ಅದರ ಹೆಸರು ಬರೆದೂ ಬಿಟ್ಟಿದ್ದೇನಲ್ಲ! ಹೊಡೆದುಹಾಕಿದೆ. ಗೀಟಿನ ಕೆಳಗೆ ಇನ್ನೂ ಓದಲು ಬರುತ್ತದೆ. ಇನ್ನು "ಅದು" ಅಂತಲೇ ಬರೆಯುವುದು.

ಸೆಪ್ಟೆಂಬರ್ 3

ವಿಲ್ಬರಣ್ಣ ಬಂದ. ಸಿಮಿಯನ್‌ನ ದೋಣಿಯ ಜೊತೆಗಾರ. ಕಣ್ಣಿಗೆ ಪೊರೆ, ದೋಣಿ ನಡೆಸುತ್ತಾನೆ, ಗುರಿ ಹಿಡಿಯಲಾರ. ಕಸದ ಗುಂಡಿಯ ಹತ್ತಿರ ಕಾಫಿ ಡಬ್ಬಿ ಇಟ್ಟು ಹೊಡೆಸಿದ. ಸಿಮಿಯನ್‌ನ ಬಂದೂಕು ಭುಜಕ್ಕೆ ಒದೆಯಿತು. ಮೊದಲ ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

"ಡಬ್ಬಿಗೇನೂ ಆಗ್ಲಿಲ್ಲಮ್ಮ. ಕಾಫಿ ಕಾಯಿಸ್ಬಹುದು ಇನ್ನೂ."

"ನಗ್ಬೇಡಣ್ಣ. ಗುರಿ ನಿಲ್ತಿಲ್ಲ."

"ನಿಲ್ಲುತ್ತೆ. ಉಸಿರು ಬಿಟ್ಟು, ಆಮೇಲೆ ಒತ್ತು."

ಕತ್ತಲಾಗುವಷ್ಟರಲ್ಲಿ ಡಬ್ಬಿ ಜರಡಿ. ಭುಜ ನೀಲಿ. ನಾಳೆ ಸೌಟು ಎತ್ತುವುದು ಹೇಗೋ.

ಸೆಪ್ಟೆಂಬರ್ 6

ಸಿಮಿಯನ್ ಇಟ್ಟುಕೊಂಡಿದ್ದ ಅದರ ಭುಜದೆಲುಬು ಹುಡುಕಿ ತೆಗೆದೆ. ಹಳೆಯ ಬೇಟೆಯದು, ಒಣಗಿ ಬಿಳಿಚಿಕೊಂಡಿದೆ. ಅದನ್ನು ವಿಲೋ ಪೊದೆಗೆ ಕೆರೆದರೆ ಗಂಡು ಕೊಂಬು ಉಜ್ಜಿದ ಸದ್ದು. ಇನ್ನೊಂದು ಗಂಡು ಕಾದಾಡಲು ಬರುತ್ತದೆ. ಅವನದೇ ಫ್ಲಾನೆಲ್ ಅಂಗಿಯಲ್ಲಿ ಸುತ್ತಿಟ್ಟಿದ್ದ. ಅಂಗಿಯಲ್ಲಿ ಇನ್ನೂ ಹೊಗೆ, ಪೆಟ್ರೋಲ್, ಅವನ ವಾಸನೆ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹಾಳಾದವನೇ, ಇದನ್ನೆಲ್ಲ ಕಲಿಸದೆ ಹೋದೆಯಲ್ಲೋ!

ಸೆಪ್ಟೆಂಬರ್ 8

ಶಾಲೆಗೆ ರಜೆ ಹಾಕಿ ಒಂದು ಸುತ್ತು ಹೋಗಿಬಂದೆ. ಏನೂ ಇಲ್ಲ.

ಸೆಪ್ಟೆಂಬರ್ 9

ಏನೂ ಇಲ್ಲ. ಮಳೆ.

ಸೆಪ್ಟೆಂಬರ್ 16

ಬರೆಯಲು ಮನಸ್ಸೇ ಇರಲಿಲ್ಲ. ಕ್ಲೆಮೆಂಟ್ ಮನೆಯವರಿಗೆ ಸಿಕ್ಕಿದೆ. ಅವರ ಅಳಿಯನಿಗೂ ಸಿಕ್ಕಿದೆ. ನಮ್ಮ ದೋಣಿ ಮಾತ್ರ ಹೋದಂತೆ ವಾಪಸ್. ಅಂಗಡಿಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಕ್ಲೆಮೆಂಟ್‌ನ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು: "ಒಂದು ತೊಡೆ ಕಳ್ಸಲಾ, ಪೌಲೈನ್?" ಬೇಡವೆಂದು ತಲೆ ಅಲ್ಲಾಡಿಸಿ ಬಂದೆ. ತಮ್ಮನ ಊಟಕ್ಕೆ ಬೇಡಿ ತಂದ ಮಾಂಸ... ಅದಕ್ಕೂ ನನ್ನ ಬಾಯಿಯೇ ಕಾರಣ. ಅತ್ತೆ ವೈರ್‌ಲೆಸ್ ರೇಡಿಯೊದಲ್ಲಿ ಕರೆದರೂ ನಾನು ಓಗೊಡುತ್ತಿಲ್ಲ.

ಸೆಪ್ಟೆಂಬರ್ 19

ಬಂತು. ನನ್ನ ಕಣ್ಣೆದುರಿಗೇ ಬಂತು!

ಹಿನ್ನೀರಿನ ಹತ್ತಿರ ಎಲುಬು ಕೆರೆದೆ. ಸುಮ್ಮನಾದೆ. ಮತ್ತೆ ಕೆರೆದೆ. ಆಚೆ ದಡದಲ್ಲಿ ಒಂದು ಗೊರಗೊರ, ಕೊಂಬೆ ಮುರಿದ ಸದ್ದು. ಪೊದೆಯ ಮೇಲೆ ಕೊಂಬು ಮಾತ್ರ ತೇಲಿ ಬಂತು. ಆಮೇಲೆ ಕುದುರೆಗಿಂತ ಎತ್ತರದ ಆ ಮೈ. ಬಂದೂಕು ಎತ್ತುತ್ತಾ ಪಿಸುಗುಟ್ಟಿದೆ — "ಸಿಕ್ತು, ಇದು ನಂದೇ."

ಕಿವಿ ನಿಮಿರಿತು. ತಿರುಗಿತು. ಪೊದೆ ಅಲ್ಲಾಡುತ್ತಿತ್ತು, ಅದು ಇರಲಿಲ್ಲ.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ವಿಲ್ಬರಣ್ಣ ಮೋಟಾರ್ ಆರಿಸಿದ.

"ನಿನ್ ತಮ್ಮಾನೂ ಹಿಂಗೇ ಕಣಮ್ಮ. ಮೊದಲ್ನೇ ವರ್ಷ ಊರೆಲ್ಲಾ ಸಾರ್ಕೊಂಡು ಬಂದ. ಆಗ ನೀನು ಹಾಸ್ಟೆಲ್‌ನಲ್ಲಿದ್ದೆ. ಚಳಿಗಾಲ ಪೂರ್ತಿ ಮೀನಿನ ತಲೆ ಸಾರೇ ಗತಿ."

"ಆಮೇಲೆ?"

"ಆಮೇಲೆ ಸುಮ್ಮನಾದ."

ಅಷ್ಟು ಹೇಳಿ ಮೋಟಾರ್‌ನ ಹಗ್ಗ ಎಳೆದ. ನನಗೆ ನಗುವೂ ಬಂತು, ಅಳುವೂ ಬಂತು.

ಸೆಪ್ಟೆಂಬರ್ 24, ದೋಣಿಯಲ್ಲಿ

ನಾಳೆಗೆ ಈ ವರ್ಷದ ಬೇಟೆಯ ಗಡುವು ಮುಗಿಯುತ್ತದೆ. ಊಟಕ್ಕೆ ಬರುವವರು ಆಗಲೇ ದೋಣಿ ಹತ್ತಿದ್ದಾರಂತೆ.

ಬೆಳಗ್ಗೆ ಬೂಟು ಕಟ್ಟುತ್ತಿದ್ದೆ. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಒಣಮೀನಿನ ಪೊಟ್ಟಣ.

"ಎಲ್ಲಿಗೆ?"

ನಾಲಿಗೆ ತುದಿಗೆ ಏನೇನೋ ಬಂತು. ನುಂಗಿಕೊಂಡೆ.

"ಸುಮ್ನೆ ಒಂದು ಸುತ್ತು, ಅತ್ತೆ."

ಪೊಟ್ಟಣ ನನ್ನ ಜೇಬಿಗೆ ತುರುಕಿ ಹೋದರು.

ಸೆಪ್ಟೆಂಬರ್ 25, ಸಂಜೆ

ನಿನ್ನೆ ಹೋದವರು ಇವತ್ತು ಬಂದೆವು. ಸುಮ್ಮನೆ ಒಂದು ಸುತ್ತು.

ಬರುವಾಗ ಭಾರಕ್ಕೆ ದೋಣಿ ತಗ್ಗಿ ನೀರು ಅಂಚಿನವರೆಗೆ ಏರಿತ್ತು. ವಿಲ್ಬರಣ್ಣ ಬಹಳ ಮೆಲ್ಲಗೆ ನಡೆಸಿದ. ದಡದಲ್ಲಿ ಅಡೆಲಿನತ್ತೆ ಕಾಯುತ್ತಿದ್ದರು. ದೋಣಿಯೊಳಗೆ ನೋಡಿದರು. ಮೊಣಕೈವರೆಗೆ ಕೆಂಪಾದ ನನ್ನ ತೋಳು ನೋಡಿದರು.

"ಏನಾದ್ರೂ ಕಾಣಿಸ್ತೇನೇ?"

"ಅಂಥದ್ದೇನಿಲ್ಲ, ಅತ್ತೆ."

"ಹ್ಞೂಂ." ಮೂಗು ಒರೆಸಿಕೊಂಡರು. ಚಾಕು ತೆಗೆದರು. "ನಿಂತ್ಕೊಂಡೇನ್ ನೋಡ್ತಿದೀಯ? ದೊಡ್ಡ ಪಾತ್ರೆಗಳ್ನ ತಗೊಂಬಾ. ಎಲ್ಲಾನೂ."

ಮೊದಲ ಬೇಟೆಯ ಮಾಂಸದಲ್ಲಿ ಹೊಡೆದವಳಿಗೆ ಒಂದು ತುಂಡೂ ಇಲ್ಲ. ಅದು ನಮ್ಮ ಪದ್ಧತಿ. ಬೇಡವೂ ಬೇಡ. ಬಂದವರೆಲ್ಲ ನಿನ್ನ ಹೆಸರಿನಲ್ಲಿ ಹೊಟ್ಟೆ ತುಂಬ ಉಣ್ಣಲಿ. ನೀನು ನೋಡಬೇಕಿತ್ತು ಕಣೋ ಸಿಮಿಯನ್. ಕೊಂಬು ಎಷ್ಟು ಅಗಲ ಗೊತ್ತಾ, ನಾನು ಎರಡೂ ತೋಳು ಚಾಚಿ ನಿಂತರೂ —